ಎಂಜಿನ್ ಕೂರಿಸಲು ಎರಡು ದಿನ, ಗಾಡಿ ನಿಲ್ಲಿಸಲು ಎರಡು ವರ್ಷ

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಾಗ ಸಾಗರದಲ್ಲಿ ಗೆಳೆಯರು ಸೇರಿ ಒಂದು ಸಂಜೆ ನನ್ನನ್ನು ಮಾತಿಗೆ ನಿಲ್ಲಿಸಿದರು. ಎದುರಿಗೆ ಪಾಲಿಟೆಕ್ನಿಕ್ ಹುಡುಗರು, ನಾಲ್ಕೈದು ಜನ ಗ್ಯಾರೇಜಿನವರು, ಸುಮ್ನೆ ಫ್ಯಾನಿನ ಗಾಳಿಗೆ ಬಂದು ಕೂತ ಹಿರಿಯರು. ಆಡಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿರುವ ಗ್ಯಾರೇಜಿನವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇವತ್ತು ಹೇಳುವ ಕೆಲಸ ನಿಮಗೆ ಹೊಸದಲ್ಲ. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸಿದ ಕೈಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ನೀವು ಅದನ್ನು ಖರ್ಚು ಉಳಿಸಲು ಮಾಡಿದಿರಿ. ಅಮೆರಿಕದಲ್ಲಿ ಅದನ್ನೇ ಖರ್ಚು ಮಾಡಲು ಮಾಡುತ್ತಾರೆ. ವ್ಯತ್ಯಾಸ ಅಷ್ಟೇ.

ನಾನಿರುವುದು ಮಿಷಿಗನ್‌ನಲ್ಲಿ. ನನ್ನ ಹತ್ತಿರ 1951ರ ಷೆವರ್ಲೆ 3100 ಪಿಕಪ್ ಇದೆ. ಹಿರಿಯರಿಗೆ ಷೆವರ್ಲೆ ಹೆಸರು ಗೊತ್ತಿರುತ್ತದೆ. ಮುಂಬೈಯ ಶಿವಡಿಯಲ್ಲಿ ಅದರ ಒಡೆಯರಾದ ಜನರಲ್ ಮೋಟಾರ್ಸ್‌ನವರು 1928ರಿಂದಲೇ ಗಾಡಿ ಜೋಡಿಸುತ್ತಿದ್ದರು. ನಮ್ಮ ದೇಶದ ರಸ್ತೆಗಳಲ್ಲಿ ಷೆವರ್ಲೆ ಲಾರಿ, ಬಸ್ಸು ಓಡಿದ ಕಾಲವೊಂದಿತ್ತು. ನನ್ನದು ಅದೇ ಮನೆತನದ ಸಣ್ಣ ಗಾಡಿ. 1947ರಲ್ಲಿ ಬಂದ ಮಾದರಿ. ಉಬ್ಬಿದ ಮಡ್‌ಗಾರ್ಡು, ಎರಡು ತುಂಡಿನ ಮುಂಗಾಜು, ಮೂಗಿನ ಮೇಲೆ ಐದು ಅಡ್ಡಪಟ್ಟಿ. ನೋಡಿದರೆ ಯಾರಿಗಾದರೂ ಮನಸ್ಸಾಗಬೇಕು. ನನಗೂ ಆಯಿತು.

ಬಾನೆಟ್ ಎತ್ತಿದರೆ ಒಳಗೆ ಸಾಲಾಗಿ ಆರು ಸಿಲಿಂಡರ್. 216 ಘನ ಅಂಗುಲ, ಅಂದರೆ ಸುಮಾರು 3.5 ಲೀಟರ್. ಶಕ್ತಿ ಹೆಚ್ಚೂಕಡಿಮೆ 90 ಎಚ್‌ಪಿ. ಬ್ಯಾಟರಿ 6 ವೋಲ್ಟಿನದು. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವುದಿಲ್ಲ. ನೆಲದಲ್ಲಿ ಒಂದು ಪೆಡಲ್ ಇದೆ, ಅದನ್ನು ಕಾಲಿನಿಂದ ತುಳಿದು ಸೆಲ್ಫ್ ಹೊಡೆಯಬೇಕು.

ಈ ಎಂಜಿನ್ನಿಗೆ ಎಣ್ಣೆ ಹೋಗುವ ರೀತಿ ನನಗೆ ಬಹಳ ಇಷ್ಟ. ಮೇನ್ ಬೇರಿಂಗಿಗೆ ಪಂಪಿನಿಂದ ಒತ್ತಡದಲ್ಲಿ ಎಣ್ಣೆ ಬರುತ್ತದೆ. ಆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡುಗಳ ಕಥೆ ಬೇರೆ. ಪ್ರತಿ ರಾಡಿನ ಬುಡದಲ್ಲೂ ಚಮಚದಂಥ ಒಂದು ತುಂಡು. ಕ್ರ್ಯಾಂಕ್ ತಿರುಗಿದ ಹಾಗೆ ಆ ಚಮಚ ಆಯಿಲ್ ಚೇಂಬರಿನಲ್ಲಿರುವ ಸಣ್ಣ ತೊಟ್ಟಿಗೆ ಮುಳುಗಿ, ತನ್ನ ಪಾಲಿನ ಎಣ್ಣೆಯನ್ನು ತಾನೇ ಎತ್ತಿಕೊಳ್ಳುತ್ತದೆ. ವೇಗ ಹೆಚ್ಚಿದಾಗ ಎದುರಿನಿಂದ ಸಣ್ಣ ಚಿಲುಮೆಯ ಹಾಗೆ ಎಣ್ಣೆ ಚಿಮ್ಮಿ ಆ ಚಮಚಕ್ಕೆ ಬೀಳುತ್ತದೆ. ರಾಡಿನ ಬೇರಿಂಗ್ ಕೂಡ ಈಗಿನ ಹಾಗೆ ತೆಗೆದು ಹಾಕುವ ಶೆಲ್ ಅಲ್ಲ, ಬ್ಯಾಬಿಟ್ ಅನ್ನುವ ಮೆತ್ತನೆಯ ಲೋಹ ಕರಗಿಸಿ ಹೊಯ್ದದ್ದು. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಷರ್ ಗೇಜು 30ಕ್ಕೇ ಮುಗಿಯುತ್ತದೆ. ಮುಳ್ಳು ಹದಿನೈದರ ಹತ್ತಿರ ನಿಂತಿದ್ದರೆ ಎಲ್ಲ ಸರಿ ಇದೆ ಎಂದರ್ಥ. ಇವತ್ತಿನ ಮೆಕ್ಯಾನಿಕ್ ಅದನ್ನು ನೋಡಿದರೆ ಗಾಬರಿಯಲ್ಲಿ ಎಂಜಿನ್ ಆಫ್ ಮಾಡುತ್ತಾನೆ.

ಹಾಗಾದರೆ ಇದು ಕೆಟ್ಟ ಎಂಜಿನ್ನಾ? ಖಂಡಿತ ಅಲ್ಲ. ಹೊಲದಿಂದ ಪೇಟೆಗೆ, ಪೇಟೆಯಿಂದ ಹೊಲಕ್ಕೆ ಗಂಟೆಗೆ 45 ಮೈಲಿಯಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ 72 ಕಿಲೋಮೀಟರಿನಲ್ಲಿ ಓಡಾಡಲು ಮಾಡಿದ ಗಾಡಿ. ಅಮೆರಿಕದ ಈಗಿನ ದೊಡ್ಡ ಹೆದ್ದಾರಿಗಳಿಗೆ ಕಾನೂನು ಬಂದದ್ದು 1956ರಲ್ಲಿ. ನನ್ನ ಟ್ರಕ್ ಹುಟ್ಟಿದ್ದು ಅದಕ್ಕೂ ಐದು ವರ್ಷ ಮೊದಲು. ದಾರಿ ಬರುವ ಮೊದಲೇ ಹುಟ್ಟಿದ ಗಾಡಿಯನ್ನು ಆ ದಾರಿಯಲ್ಲಿ ಓಡಿಸಿ ಬೈದರೆ ತಪ್ಪು ಯಾರದು?

ಹುಡುಗರೇ, ಒಂದು ಲೆಕ್ಕ ಮಾಡೋಣ. ಇದರ ಟೈರು ಒಂದು ಮೈಲಿಗೆ ಸುಮಾರು 720 ಸುತ್ತು ಸುತ್ತುತ್ತದೆ. ಗಂಟೆಗೆ 60 ಮೈಲಿ ಅಂದರೆ ನಿಮಿಷಕ್ಕೆ ಒಂದು ಮೈಲಿ, ಹಾಗಾಗಿ ಚಕ್ರ ನಿಮಿಷಕ್ಕೆ 720 ಸುತ್ತು. ಹಿಂದಿನ ಆಕ್ಸಲ್ಲಿನ ಅನುಪಾತ 4.11, ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ 4.11 ಸುತ್ತು ಸುತ್ತಬೇಕು. ಟಾಪ್ ಗೇರಿನಲ್ಲಿ ಎಂಜಿನ್ನಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಒಂದೇ ವೇಗ. ಗುಣಿಸಿದರೆ ನಿಮಿಷಕ್ಕೆ 2,960 ಸುತ್ತು. ಚಮಚದಲ್ಲಿ ಎಣ್ಣೆ ಕುಡಿಯುವ ಎಂಜಿನ್ ಗಂಟೆಗಟ್ಟಲೆ ಹಾಗೆ ಓಡಬೇಕು. ಓಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಸ್ಟೀರಿಂಗ್ ಹಿಡಿದವನಿಗೆ ಅದು ಅಳುತ್ತಿರುವುದು ಕೇಳಿಸುತ್ತದೆ.

ಅದಕ್ಕೇ ಹೊಸ ಎಂಜಿನ್ ಹುಡುಕಿದೆ. 1999ರಿಂದ ಜನರಲ್ ಮೋಟಾರ್ಸ್ ತನ್ನ ದೊಡ್ಡ ಪಿಕಪ್‌ಗಳಿಗೆ ಹಾಕಿದ 5.3 ಲೀಟರಿನ ವಿ8, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್. ಆ ಇಡೀ ವಂಶವನ್ನೇ ಜನ ಎಲ್‌ಎಸ್ ಅಂತ ಕರೆಯುತ್ತಾರೆ. ನಾನು ತಂದದ್ದರ ಶಕ್ತಿ 285 ಎಚ್‌ಪಿ, ಹಳೆಯದರ ಮೂರು ಪಟ್ಟು. ಆದರೂ ತೂಕದಲ್ಲಿ ಹೊಸದು ಹಳೆಯದಕ್ಕಿಂತ ಜಾಸ್ತಿ ಇಲ್ಲ. ಹೆಡ್ಡುಗಳು ಅಲ್ಯೂಮಿನಿಯಂ, ಹಳೆಯದರಲ್ಲಿ ಎಲ್ಲವೂ ಬೀಡು ಕಬ್ಬಿಣ.

"ಯಾಕೆ ಇದೇ ಎಂಜಿನ್?" ಅಂತ ಮುಂದಿನ ಸಾಲಿನ ಹುಡುಗ ಕೇಳಿದ. ಮೊದಲನೆಯದು, ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಲಕ್ಷಗಟ್ಟಲೆ ಟ್ರಕ್‌ಗಳಲ್ಲಿ ಬಂದ ಎಂಜಿನ್ ಅದು. ಎರಡನೆಯದು, ಅಗಲ. ಈಗಿನ ಬೇರೆ ಅನೇಕ ವಿ8ಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆ ಕೂತಿರುತ್ತದೆ, ಒಂದೊಂದು ಕಡೆಗೆ ಎರಡೆರಡು. ಫೋರ್ಡ್‌ನ 5.0 ಲೀಟರಿನ ಕೊಯೋಟಿ ಹಾಗಿದೆ. ಒಳ್ಳೆಯ ಎಂಜಿನ್, ಆದರೆ ಎರಡೂ ಹೆಗಲಿನ ಮೇಲೆ ಮೂಟೆ ಹೊತ್ತವನು ಇಕ್ಕಟ್ಟಿನ ಬಾಗಿಲಲ್ಲಿ ನುಗ್ಗಿದ ಹಾಗೆ. ಎಲ್‌ಎಸ್‌ನಲ್ಲಿ ಒಂದೇ ಕ್ಯಾಮ್, ಅದೂ ಬ್ಲಾಕಿನ ಹೊಟ್ಟೆಯೊಳಗೆ. ಅಲ್ಲಿಂದ ವಾಲ್ವ್ ತಳ್ಳುವ ಕಡ್ಡಿ, ಅಂದರೆ ಪುಶ್‌ರಾಡ್, ಮೇಲೆ ಹೋಗುತ್ತದೆ. ಹಳೇ ಪದ್ಧತಿ ಅಂತ ನಗುವವರಿದ್ದಾರೆ. ಆ ಹಳೇ ಪದ್ಧತಿಯಿಂದಲೇ ಅದು ಹಳೇ ಗಾಡಿಯ ಮಡ್‌ಗಾರ್ಡುಗಳ ನಡುವೆ ಹಿಡಿಯುತ್ತದೆ.

ಇನ್ನೂ ಒಂದು ಕಾರಣ ಇದೆ. 1955ರಲ್ಲಿ ಷೆವರ್ಲೆ ಸಣ್ಣ ವಿ8 ಒಂದನ್ನು ಹೊರತಂದಿತು. ಆಗ ಅಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು ಎಡ್ ಕೋಲ್. ಎಂಜಿನ್ ಬದಲಾಯಿಸುವ ಹುಚ್ಚಿನವರು ಅದನ್ನು ಕಂಡಕಂಡ ಗಾಡಿಗೆಲ್ಲ ಹಾಕಿದರು. ನಾಲ್ಕು ದಶಕ ಬಿಟ್ಟು ಎಲ್‌ಎಸ್ ಮಾಡುವಾಗ ಸಿಲಿಂಡರಿನಿಂದ ಸಿಲಿಂಡರಿಗೆ ಇದ್ದ 4.4 ಅಂಗುಲದ ಅಂತರವನ್ನು ಹಾಗೇ ಉಳಿಸಿಕೊಂಡರು. ಗೇರ್‌ಬಾಕ್ಸ್ ಸೇರುವ ಬೋಲ್ಟಿನ ತೂತುಗಳೂ ಹೆಚ್ಚುಕಡಿಮೆ ಅವೇ. ಮಗನಿಗೆ ಅಪ್ಪನ ಅಂಗಿ ಸರಿಹೋದ ಹಾಗೆ. ಫೋರ್ಡ್ ಇಟ್ಟುಕೊಂಡವರು ಮಾತ್ರ ಮುನಿಸಿಕೊಳ್ಳುತ್ತಾರೆ. ಫೋರ್ಡ್ ಗಾಡಿಗೆ ಫೋರ್ಡ್ ಎಂಜಿನ್ನೇ ಆಗಬೇಕಂತೆ. ಸಂಬಂಧ ನೋಡುವಾಗ ಗೋತ್ರ ಕೇಳುವವರು ಎಲ್ಲ ಕಡೆ ಇದ್ದಾರೆ.

ಎಂಜಿನ್ ಕೂರಿಸಲು ನನಗೆ ಹಿಡಿದದ್ದು ಒಂದು ಶನಿವಾರ, ಒಂದು ಭಾನುವಾರ. ಚೈನ್ ಬ್ಲಾಕ್, ಇಬ್ಬರು ಗೆಳೆಯರು, ಚಾಸಿಗೆ ಬೆಸೆದ ಎರಡು ಮೌಂಟ್. ಭಾನುವಾರ ಸಂಜೆ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ, ಕೆಲಸ ಮುಗಿಯಿತು ಅಂತ. ಅದು ಮುಗಿದದ್ದು ಎರಡು ವರ್ಷ ಬಿಟ್ಟು.

ಸೋಮವಾರ ಗಾಡಿಯ ಕೆಳಗೆ ಮಲಗಿ ನೋಡಿದೆ. ಆಯಿಲ್ ಚೇಂಬರ್ ಚಾಸಿಗಿಂತ ಕೆಳಗೆ ಜೋತುಬಿದ್ದಿತ್ತು. ನಮ್ಮೂರಿನ ಒಂದು ರೋಡ್ ಹಂಪ್ ಸಾಕು ಅದನ್ನು ಒಡೆಯಲು. ಪಿಕಪ್ಪಿಗಾಗಿ ಮಾಡಿದ ಚೇಂಬರ್ ಅದು, ಆಳ ಜಾಸ್ತಿ. ಕಮಾರೊ ಕಾರಿಗೆ ಬರುವ ಆಳ ಕಡಿಮೆಯ ಚೇಂಬರ್ ತಂದು ಹಾಕಿದೆ. ಎಡಗಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟೀರಿಂಗ್ ರಾಡಿಗೆ ತಾಗುತ್ತಿತ್ತು. ಅಲ್ಲಿ ಸ್ಟೀರಿಂಗ್ ಎಡಕ್ಕಲ್ವಾ. ಅದನ್ನೂ ಬದಲಾಯಿಸಿದೆ.

ಆಮೇಲೆ ಬಂತು ದೊಡ್ಡದು. ಈ ಟ್ರಕ್ಕಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಕಾಣುವುದಿಲ್ಲ. ದಪ್ಪ ಕೊಳವೆಯೊಳಗೆ ಇದೆ. ಕೊಳವೆಯ ಒಂದು ತುದಿ ಗೇರ್‌ಬಾಕ್ಸಿನ ಬೆನ್ನಿಗೆ, ಇನ್ನೊಂದು ತುದಿ ಆಕ್ಸಲ್ಲಿಗೆ ಬೋಲ್ಟ್ ಆಗಿದೆ. ಮೂರೂ ಸೇರಿ ಒಂದೇ ಮೂಳೆ. ಗೇರ್‌ಬಾಕ್ಸ್ ಬದಲಾಯಿಸಿದರೆ ಕೊಳವೆ ಹೋಯಿತು. ಕೊಳವೆ ಹೋದರೆ ಆಕ್ಸಲ್ ಹೋಯಿತು. ಹೊಸ ಪಿಕಪ್ಪಿನ ಆಕ್ಸಲ್ ಹಾಕೋಣ ಅಂದರೆ ಅದು ಅಗಲ, ಟೈರು ಮಡ್‌ಗಾರ್ಡಿನಿಂದ ಹೊರಗೆ ಬರುತ್ತದೆ. ಕೊನೆಗೆ ಎಸ್-10 ಅನ್ನುವ ಸಣ್ಣ ಪಿಕಪ್ಪಿನ ಆಕ್ಸಲ್ ತಂದೆ. ಅದಕ್ಕೆ ಐದು ನಟ್ಟು. ನನ್ನ ಮುಂದಿನ ಚಕ್ರಕ್ಕೆ ಆರು. ಅಂದರೆ ಒಂದು ಗಾಡಿಗೆ ಎರಡು ಸ್ಟೆಪ್ನಿ!

(ಇಲ್ಲಿ ಗ್ಯಾರೇಜಿನವರು ನಕ್ಕರು. ಅವರಲ್ಲೊಬ್ಬರು, "ನಮ್ಮಲ್ಲೂ ಅಂಥ ಜೀಪು ಇದೆ ಸಾರ್" ಅಂದರು.)

ಗೇರ್‌ಬಾಕ್ಸ್ ಬದಲಾಯಿಸಿದ್ದಕ್ಕೆ ಬೇಜಾರಿಲ್ಲ. ಹೊಸದು ನಾಲ್ಕು ಗೇರಿನ ಆಟೋಮ್ಯಾಟಿಕ್, ಟಾಪ್ ಗೇರಿನ ಅನುಪಾತ 0.70. ಆಕ್ಸಲ್ 3.73. ಮೊದಲಿನ ಲೆಕ್ಕ ಮತ್ತೆ ಮಾಡಿ: 720ನ್ನು 3.73ರಿಂದ, ಅದನ್ನು 0.70ರಿಂದ ಗುಣಿಸಿ. 1,880. ಅದೇ 60 ಮೈಲಿಗೆ ಸಾವಿರಕ್ಕೂ ಹೆಚ್ಚು ಸುತ್ತು ಕಡಿಮೆ. ನಿಜ ಹೇಳಬೇಕೆಂದರೆ ಹೆದ್ದಾರಿಯಲ್ಲಿ ನನಗೆ ಸುಖ ಕೊಟ್ಟದ್ದು 285 ಎಚ್‌ಪಿ ಅಲ್ಲ, ಈ 0.70.

ಈಗ ಬ್ರೇಕಿಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿಂದಿನ ಆಕ್ಸಲ್ ಬದಲಾದ ಮೇಲೆ ಗಾಡಿ ಓಡಿಸಬಹುದಿತ್ತು. ಓಡಿಸಿದೆ. ಮುಂದಿನ ಎರಡು ಚಕ್ರಕ್ಕೆ 1951ರ ಡ್ರಮ್ ಬ್ರೇಕೇ ಇತ್ತು. ಕಾಲಿನ ಕೆಳಗೆ, ನೆಲದಡಿಯಲ್ಲಿ ಹಳೆಯ ಮಾಸ್ಟರ್ ಸಿಲಿಂಡರ್. ಅದಕ್ಕೆ ಒಂದೇ ಕೋಣೆ. ನಾಲ್ಕು ಚಕ್ರಕ್ಕೂ ಅಲ್ಲಿಂದಲೇ ಆಯಿಲ್ ಹೋಗಬೇಕು. ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕು ಒಟ್ಟಿಗೆ ಇಲ್ಲ. ಅಮೆರಿಕದಲ್ಲಿ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಎಲ್ಲ ಕಾರಿಗೂ ಬಂದದ್ದು 1967ರ ಮಾದರಿಗಳಿಂದ.

ಗೊತ್ತಿತ್ತು ನನಗೆ. ಗೊತ್ತಿದ್ದೂ 75 ಮೈಲಿಯಲ್ಲಿ ಹೋದೆ. ಹೊಸ ಎಂಜಿನ್ ಅಲ್ವಾ, ಕಾಲು ಕೇಳಲಿಲ್ಲ. ಹೆದ್ದಾರಿಯಿಂದ ಇಳಿಯುವ ದಾರಿ, ಇಳಿಜಾರು, ಕೆಳಗೆ ಕೆಂಪು ದೀಪ, ದೀಪದ ಕೆಳಗೆ ನಿಂತ ಒಂದು ಶಾಲಾ ಬಸ್ಸು. ಬ್ರೇಕ್ ತುಳಿದೆ. ಮೊದಲು ಹಿಡಿಯಿತು. ಆಮೇಲೆ ಡ್ರಮ್ ಕಾದು ಹಿಡಿತ ಬಿಟ್ಟಿತು. ಪೆಡಲ್ ಗಟ್ಟಿಯಾಗಿಯೇ ಇದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ. ರಸ್ತೆ ಬಿಟ್ಟು ಹುಲ್ಲಿಗೆ ಇಳಿಸಿದೆ. ನಿಂತಿತು. ಬಸ್ಸಿನಲ್ಲಿ ಮಕ್ಕಳಿರಲಿಲ್ಲ ಅಂತ ಆಮೇಲೆ ನೋಡಿದೆ. ಇದ್ದಿದ್ದರೆ ಅಂತ ಈಗಲೂ ಒಮ್ಮೊಮ್ಮೆ ರಾತ್ರಿ ಎಚ್ಚರವಾಗುತ್ತದೆ.

ವೇಗ 45ರಿಂದ 75ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಅಷ್ಟೇ ಏರುವುದಿಲ್ಲ. ವರ್ಗದ ಲೆಕ್ಕ ಅದು. 75ನ್ನು 45ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಎರಡೂಮುಕ್ಕಾಲು ಪಟ್ಟು. ಅಷ್ಟೂ ಶಕ್ತಿ ಶಾಖವಾಗಿ ಆ ಡ್ರಮ್ಮುಗಳಿಗೇ ಹೋಗಬೇಕು. ನಾನು ಎಂಜಿನ್ ಬದಲಾಯಿಸಿದೆ ಅಂದುಕೊಂಡಿದ್ದೆ. ಬದಲಾಯಿಸಿದ್ದು ಗಾಡಿಯ ವೇಗವನ್ನು, ಉಳಿದದ್ದಕ್ಕೆ ಹೇಳದೇ ಕೇಳದೇ.

ಮರುದಿನವೇ ಮುಂಭಾಗ ಪೂರ್ತಿ ಬಿಚ್ಚಿದೆ. ಹಳೆಯದರಲ್ಲಿ ಲಾರಿಗೆ ಇದ್ದ ಹಾಗೆ ಒಂದೇ ದಪ್ಪ ಆಕ್ಸಲ್, ಅದರ ಮೇಲೆ ಕಮಾನ್ ಪ್ಲೇಟು. ಅದರ ಜಾಗಕ್ಕೆ ಫೋರ್ಡ್ ಕಾರಾದ ಮಸ್ಟ್ಯಾಂಗ್ 2 ಮಾದರಿಯ ಸಸ್ಪೆನ್ಷನ್ ಹಾಕಿದೆ. ಇದೊಂದು ತಮಾಷೆ ಕೇಳಿ. 1974ರಿಂದ 1978ರವರೆಗೆ ಬಂದ ಮಸ್ಟ್ಯಾಂಗ್ 2 ಅಂದರೆ ಮಸ್ಟ್ಯಾಂಗ್ ಅಭಿಮಾನಿಗಳೇ ಮುಖ ತಿರುಗಿಸುವ ಕಾರು. ಆದರೆ ಅದರ ಮುಂಭಾಗದ ವಿನ್ಯಾಸ ಚಿಕ್ಕದು, ಸರಳ, ಸ್ಟೀರಿಂಗ್ ರ‍್ಯಾಕ್ ಸಮೇತ ಬರುತ್ತದೆ. ಅದನ್ನೇ ನಕಲು ಮಾಡಿ ಕಿಟ್ ಮಾರುತ್ತಾರೆ. ಕಾರಿನ ಹೆಸರು ಕೆಟ್ಟರೂ ಅದರ ಮೂಳೆ ಸಾವಿರಾರು ಹಳೇ ಟ್ರಕ್ಕುಗಳಲ್ಲಿ ಬದುಕಿದೆ. ಷೆವರ್ಲೆಯಲ್ಲೂ! ಗೋತ್ರ ಕೇಳುವವರು ಇದರ ಬಗ್ಗೆ ಮಾತ್ರ ಸುಮ್ಮನಿರುತ್ತಾರೆ.

ಅದರ ಜೊತೆಗೆ ಡಿಸ್ಕ್ ಬ್ರೇಕ್, ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಬಂತು, ಮುಂದೆಯೂ ಐದು ನಟ್ಟಾಯಿತು. ಆದರೆ ಹೊಸ ಸಸ್ಪೆನ್ಷನ್ನಿನ ಅಡ್ಡಪಟ್ಟಿ ಕೂರಬೇಕಾದ ಜಾಗದಲ್ಲಿ ನಾನು ಆ ಭಾನುವಾರ ಬೆಸೆದ ಎಂಜಿನ್ ಮೌಂಟ್ ಇತ್ತು. ಎಂಜಿನ್ ಮತ್ತೆ ಮೇಲೆತ್ತಿ, ಮೌಂಟ್ ಕತ್ತರಿಸಿ, ಬೇರೆ ಕಡೆ ಬೆಸೆದೆ. ಹುಡುಕಿ ತಂದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂಡ ವ್ಯರ್ಥ, ಸ್ಟೀರಿಂಗ್ ರಾಡೇ ಜಾಗ ಬದಲಾಯಿಸಿತ್ತಲ್ಲ. ಮೊದಲು ಬ್ರೇಕು, ಆಮೇಲೆ ಸ್ಟೀರಿಂಗು, ಕೊನೆಗೆ ಎಂಜಿನ್. ನಾನು ಇದನ್ನು ತಿರುಗಾಮುರುಗಾ ಮಾಡಿ ಎರಡೆರಡು ಸಲ ದುಡ್ಡು ಕೊಟ್ಟೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಚಾಸಿಯ ಉದ್ದ ಪಟ್ಟಿಗಳು ಒಂದು ಬದಿ ತೆರೆದಿವೆ, ಹೊಸ ಎಂಜಿನ್ನಿನ ತಿರುಚುವ ಬಲ ಬಿದ್ದರೆ ಬಾಗುತ್ತವೆ. ತೆರೆದ ಬದಿಗೆ ಪ್ಲೇಟು ಬೆಸೆದು ಪೆಟ್ಟಿಗೆ ಮಾಡಿದೆ. ಪೆಟ್ರೋಲ್ ಟ್ಯಾಂಕು ಎಲ್ಲಿತ್ತು ಗೊತ್ತಾ? ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೆ. ಕಾರ್ಬುರೇಟರಿಗೆ ನಾಲ್ಕೈದು ಪಿಎಸ್‌ಐ ಒತ್ತಡ ಸಾಕು, ಇಂಜೆಕ್ಷನ್ ಎಂಜಿನ್ನಿಗೆ 58 ಬೇಕು. 58 ಪಿಎಸ್‌ಐ ಒತ್ತಡದ ಪೆಟ್ರೋಲ್ ಪಂಪು, ಪೈಪು ಬೆನ್ನಿಗಿಟ್ಟುಕೊಂಡು ಕೂರುವ ಧೈರ್ಯ ನನಗಿಲ್ಲ. ಟ್ಯಾಂಕನ್ನು ಹಿಂದೆ, ಸಾಮಾನು ತುಂಬುವ ಹಾಸಿನ ಕೆಳಗೆ ಒಯ್ದೆ. ರೇಡಿಯೇಟರ್ ಬದಲಾಯಿಸಿದ್ದು ಹೇಳಬೇಕಾಗಿಯೇ ಇಲ್ಲ. ಒಂದು ಎಚ್ಚರ ಮಾತ್ರ: ಈ ಎಂಜಿನ್ನಿನ ಹೆಡ್ಡಿನಿಂದ ಆವಿ ಹೊರಗೆ ಬಿಡಲು ಸಣ್ಣ ಪೈಪು ಇದೆ. ಅದನ್ನು ರೇಡಿಯೇಟರಿನ ಮೇಲ್ಭಾಗಕ್ಕೆ ಸೇರಿಸಬೇಕು. ಬೇಡದ ಪೈಪು ಅಂತ ಮುಚ್ಚಿದರೆ ಆವಿ ಒಳಗೇ ಸಿಕ್ಕಿಕೊಂಡು ಹೆಡ್ಡು ಸುಡುತ್ತದೆ.

ವೈರಿಂಗಿನದು ಬೇರೆಯೇ ಕಥೆ. 6 ವೋಲ್ಟಿನ ಗಾಡಿಯನ್ನು 12ಕ್ಕೆ ತಂದು, ಎಂಟು ಸಿಲಿಂಡರಿಗೆ ಎಂಟು ಕಾಯಿಲ್, ಕಂಪ್ಯೂಟರ್ ಎಲ್ಲ ಜೋಡಿಸಿದೆ. ಆ ಕಂಪ್ಯೂಟರಿಗೆ ತಾನಿನ್ನೂ ಹಳೇ ಪಿಕಪ್ಪಿನಲ್ಲಿದ್ದೇನೆ ಅನ್ನುವ ಭ್ರಮೆ. ಕಳ್ಳತನ ತಡೆಯುವ ಕೀಲಿಯ ಸಂಕೇತ ಬರಲಿಲ್ಲ ಅಂತ ಪೆಟ್ರೋಲ್ ಕೊಡುವುದನ್ನೇ ನಿಲ್ಲಿಸುತ್ತದೆ. ಲ್ಯಾಪ್‌ಟಾಪ್ ಹಚ್ಚಿ ಅದನ್ನು ಮರೆಸಿದೆ. ಆದರೂ ಎಂಜಿನ್ ಒಮ್ಮೆ ಓಡುತ್ತದೆ, ಒಮ್ಮೆ ಸಾಯುತ್ತದೆ. ಮೂರು ವಾರ ಸೆನ್ಸರ್ ಬದಲಾಯಿಸಿದ್ದೇ ಬಂತು. ಕೊನೆಗೆ ಸಿಕ್ಕಿದ್ದು ಅರ್ಥ್ ವೈರ್. ಚಾಸಿಗೆ ಚೆಂದ ಕಾಣಲಿ ಅಂತ ದಪ್ಪ ಬಣ್ಣ ಹೊಡೆಸಿದ್ದೆ. ಅರ್ಥ್ ಬೋಲ್ಟು ಆ ಬಣ್ಣದ ಮೇಲೆ ಕೂತಿತ್ತು, ಕಬ್ಬಿಣ ಮುಟ್ಟಿರಲೇ ಇಲ್ಲ. ಒಂದು ರೂಪಾಯಿಯ ಎಮ್ರಿ ಕಾಗದದಲ್ಲಿ ಮುಗಿಯುವ ಕೆಲಸ.

"ಇಷ್ಟೆಲ್ಲ ಬದಲಾಯಿಸುವ ಬದಲು ಎಸ್-10 ಚಾಸಿಯನ್ನೇ ತಂದು ಮೇಲೆ ಹಳೇ ಬಾಡಿ ಕೂರಿಸಬಹುದಲ್ವಾ?" ಅಂತ ಗ್ಯಾರೇಜಿನವರೊಬ್ಬರು ಕೇಳಿದರು. ಕೂರಿಸುತ್ತಾರೆ, ಬಹಳ ಜನ. ಉದ್ದ ಹಾಸಿನ ಎಸ್-10ರ ಎರಡು ಆಕ್ಸಲ್ಲಿನ ನಡುವಿನ ಅಂತರ 117.9 ಅಂಗುಲ, ನನ್ನದು 116. ಹತ್ತಿರ ಇದೆ. ದುಡ್ಡೂ ಉಳಿಯುತ್ತದೆ. ನನ್ನ ಮನಸ್ಸು ಒಪ್ಪಲಿಲ್ಲ, ಅಷ್ಟೇ. ಅದು ಹೊಸ ಗಾಡಿಗೆ ಅಜ್ಜನ ಕೋಟು ತೊಡಿಸಿದ ಹಾಗೆ ಅನ್ನಿಸಿತು. ಬೇರೆಯವರು ಮಾಡಿದರೆ ತಪ್ಪು ಅನ್ನುವುದಿಲ್ಲ.

ಹುಡುಗರಿಗೆ ಒಂದು ಮಾತು. ಇದನ್ನು ಕೇಳಿ ನಾಳೆ ನಿಮ್ಮ ಮನೆ ಜೀಪಿಗೆ ಕೈ ಹಾಕಬೇಡಿ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿಯಲ್ಲಿರುವುದು ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅಮೆರಿಕದಲ್ಲೂ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆ ಇಲ್ಲ, ಅದರ ನಂತರದ್ದಕ್ಕೆ ಇದೆ.

ಕರೆಂಟಿನ ಮೋಟಾರ್ ಹಾಕಬಹುದಾ ಅಂತಲೂ ಕೇಳಿದರು. ಹಾಕಬಹುದು. 2021ರಲ್ಲಿ ಫೋರ್ಡ್‌ನವರೇ 1978ರ ಎಫ್-100 ಪಿಕಪ್ಪಿಗೆ ತಮ್ಮ ಎಲೆಕ್ಟ್ರಿಕ್ ಕಾರಿನ ಎರಡು ಮೋಟಾರ್ ಹಾಕಿ 480 ಎಚ್‌ಪಿ ತೆಗೆದು ತೋರಿಸಿದರು. ಬ್ರೇಕಿನ ಲೆಕ್ಕ ಮಾತ್ರ ಅಲ್ಲೂ ಅದೇ.

ಕೊನೆಗೆ ಫ್ಯಾನಿನ ಕೆಳಗೆ ಕೂತಿದ್ದ ಹಿರಿಯರೊಬ್ಬರು ಎದ್ದರು. "ಅಲ್ಲ ಮಾರಾಯ, ಎಲ್ಲ ಹೇಳಿದೆ. ಆ ಹಳೇ ಎಂಜಿನ್ ಏನಾಯ್ತು?"

ಗ್ಯಾರೇಜಿನ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿದೆ ಅಂದೆ. ತಿಂಗಳಿಗೊಮ್ಮೆ ಪ್ಲಗ್ಗಿನ ತೂತಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸುತ್ತೇನೆ. ಅದನ್ನು ಮತ್ತೆ ಕೂರಿಸುವ ಅಡ್ಡಪಟ್ಟಿಯನ್ನು ಕತ್ತರಿಸಿ ಗುಜರಿಗೆ ಹಾಕಿ ಆಗಿದೆ.

"ಮತ್ತೆ ಯಾಕೆ ತಿರುಗಿಸುವುದು?"

ಇನ್ನೂ ಬೋರಿಗೆ ಬಂದಿಲ್ಲ ಅಜ್ಜ, ಅಂದೆ.